ಖಾದ್ಯ ತೈಲ: ಅಳತೆಯ ಲೆಕ್ಕವೋ, ತೂಕದ ಲೆಕ್ಕವೋ?

ಸಗಟು ಎಣ್ಣೆ ಅಂಗಡಿಯಲ್ಲಿ ಅಕ್ಕಪಕ್ಕದಲ್ಲಿ ಜೋಡಿಸಿಟ್ಟಿರುವ ಎರಡು ತಗಡಿನ ಡಬ್ಬಗಳನ್ನು ಗಮನಿಸಿದರೆ ಈ ಪ್ರಶ್ನೆಯ ಮರ್ಮ ಅರ್ಥವಾಗುತ್ತದೆ. ಎರಡರ ಮೇಲೂ 15 ಎಂಬ ಅಂಕಿ ದೊಡ್ಡದಾಗಿ ಅಚ್ಚಾಗಿರುತ್ತದೆ. ಒಂದರಲ್ಲಿ ಆ ಅಂಕಿಯ ಮುಂದೆ ಕಿಲೋಗ್ರಾಂ ಎಂದಿದ್ದರೆ ಇನ್ನೊಂದರಲ್ಲಿ ಲೀಟರ್ ಎಂದಿರುತ್ತದೆ. ಹೋಟೆಲಿನ ಖರೀದಿಗೆ ಬಂದವರು ಸಾಮಾನ್ಯವಾಗಿ ಕೇಳುವುದು "ಡಬ್ಬಕ್ಕೆ ಎಷ್ಟು?" ಎಂದು ಮಾತ್ರ. ಲೆಕ್ಕದ ಅನುಕೂಲಕ್ಕಾಗಿ ಕಿಲೋ ಡಬ್ಬಕ್ಕೆ 2,400 ರೂಪಾಯಿ, ಲೀಟರ್ ಡಬ್ಬಕ್ಕೆ 2,250 ರೂಪಾಯಿ ಎಂದು ಭಾವಿಸಿದರೆ, ಎರಡನೆಯದು 150 ರೂಪಾಯಿ ಅಗ್ಗವೆಂದು ತೋರುವುದು ಸಹಜ. ಆದರೆ ಒಂದು ಲೀಟರ್ ಅಡುಗೆ ಎಣ್ಣೆ ಒಂದು ಕಿಲೋ ತೂಗುವುದಿಲ್ಲ. ಸುಮಾರು 910 ಗ್ರಾಂ ತೂಗುತ್ತದೆ. ಹದಿನೈದು ಲೀಟರಿನ ಡಬ್ಬದಲ್ಲಿರುವುದು 13 ಕಿಲೋ 650 ಗ್ರಾಂ ಎಣ್ಣೆ. ಹಾಗಾದರೆ ಮೊದಲನೆಯದು ಕಿಲೋಗೆ 160 ರೂಪಾಯಿ, ಎರಡನೆಯದು ಕಿಲೋಗೆ 164 ರೂಪಾಯಿ 84 ಪೈಸೆ. ತಿಂಗಳಿಗೆ 150 ಕಿಲೋ ಎಣ್ಣೆ ಬಳಸುವ ಒಂದು ಸಾಧಾರಣ ಹೋಟೆಲಿಗೆ ಈ ತಪ್ಪು ತಿಂಗಳಿಗೆ 726 ರೂಪಾಯಿಯ, ವರ್ಷಕ್ಕೆ 8,700 ರೂಪಾಯಿಗೂ ಮಿಕ್ಕ ನಷ್ಟವನ್ನು ತರುತ್ತದೆ.

ಇಲ್ಲಿ ಮಾರಿದವರು ಸುಳ್ಳು ಹೇಳಿಲ್ಲ. ಡಬ್ಬದ ಮೇಲೆ ಬರೆದಿರುವುದೂ ಸುಳ್ಳಲ್ಲ. ಸಣ್ಣ ಅಕ್ಷರಗಳಲ್ಲಿ ನಿವ್ವಳ ತೂಕವೂ ಅಲ್ಲಿಯೇ ನಮೂದಾಗಿರುತ್ತದೆ. ಆದರೂ ಕೊಂಡವರು ಸೋತಿದ್ದಾರೆ. ಒಂದೇ ಸರಕನ್ನು ಎರಡು ಬೇರೆ ಬೇರೆ ಮಾನಗಳಲ್ಲಿ ಮಾರಲು ಅವಕಾಶವಿರುವವರೆಗೆ ಈ ಸೋಲು ತಪ್ಪುವುದಿಲ್ಲ. ಎಣ್ಣೆ, ತುಪ್ಪ ಮೊದಲಾದ ದ್ರವ ಪದಾರ್ಥಗಳ ಖರೀದಿ, ದಾಸ್ತಾನು, ತಯಾರಿಕೆ ಮತ್ತು ದರ ನಿಗದಿ ಇವೆಲ್ಲವೂ ತೂಕದ ಆಧಾರದ ಮೇಲೆಯೇ ನಡೆಯಬೇಕು. ಲೀಟರ್ ಎಂಬುದು ಗ್ರಾಹಕರ ರೂಢಿಗಾಗಿ ಜೊತೆಯಲ್ಲಿ ಉಳಿದರೆ ಸಾಕು. ಇದನ್ನು ಸರ್ಕಾರದ ಆದೇಶಕ್ಕಾಗಿ ಕಾಯದೆ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ತಾವಾಗಿಯೇ ಆರಂಭಿಸುವುದು ಒಳ್ಳೆಯದು.

ಸೇರಿನಿಂದ ಲೀಟರಿಗೆ

ಅಳತೆ ಮತ್ತು ತೂಕಗಳ ಗೊಂದಲ ಇಂದಿನದಲ್ಲ. ಸೇರು ಎಂಬ ಮಾತು ಒಂದು ಕಾಲದಲ್ಲಿ ತೂಕವನ್ನೂ ಸೂಚಿಸುತ್ತಿತ್ತು, ಅಳತೆಯ ಪಾತ್ರೆಯನ್ನೂ ಸೂಚಿಸುತ್ತಿತ್ತು. ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದವಿತ್ತು; ಊರಿನಿಂದ ಊರಿಗೆ ಅದರ ಪ್ರಮಾಣವೂ ಬದಲಾಗುತ್ತಿತ್ತು. ಪಾವು, ಚಟಾಕುಗಳ ಕಥೆಯೂ ಅಷ್ಟೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯಿಂದ ದಶಮಾನ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು ಈ ಅವ್ಯವಸ್ಥೆ ಕೊನೆಗೊಂಡಿತು. ಆದರೆ ಎಣ್ಣೆಯ ವಿಷಯದಲ್ಲಿ ಗೊಂದಲ ಕೊನೆಗೊಳ್ಳಲಿಲ್ಲ, ರೂಪ ಬದಲಿಸಿತು. ಸೇರಿನ ಸ್ಥಾನದಲ್ಲಿ ಕಿಲೋ ಮತ್ತು ಲೀಟರ್ ಎರಡೂ ಬಂದು ಕುಳಿತವು. ನೀರಿನ ಮಟ್ಟಿಗೆ ಒಂದು ಲೀಟರ್ ಎಂದರೆ ಒಂದು ಕಿಲೋ ಎಂಬುದು ಬಹುಮಟ್ಟಿಗೆ ಸರಿ. ಶಾಲೆಯಲ್ಲಿ ಕಲಿತ ಆ ಸಮೀಕರಣವೇ ಎಣ್ಣೆಗೂ ಹಾಲಿಗೂ ಜೇನಿಗೂ ಅನ್ವಯಿಸುತ್ತದೆಂಬ ಭಾವನೆ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಚಿಲ್ಲರೆ ಅಂಗಡಿಯವರು ಪೀಪಾಯಿಯಿಂದ ಎಣ್ಣೆಯನ್ನು ಅಳತೆಯ ಪಾತ್ರೆಯಲ್ಲಿ ತೆಗೆದು ಗ್ರಾಹಕರು ತಂದ ಸೀಸೆಗೆ ಹೊಯ್ಯುತ್ತಿದ್ದ ಕಾಲದಲ್ಲಿ ಅಳತೆಯ ವ್ಯಾಪಾರಕ್ಕೆ ಒಂದು ಅರ್ಥವಿತ್ತು. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಅನೇಕರು ಪ್ರಾಣ ಕಳೆದುಕೊಂಡ ನಂತರ, ಖಾದ್ಯ ತೈಲವನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶವನ್ನು ಕೇಂದ್ರ ಸರ್ಕಾರ ಅದೇ ವರ್ಷ ಹೊರಡಿಸಿತು. ಅಂಗಡಿಯ ಅಳತೆಯ ಪಾತ್ರೆ ಕ್ರಮೇಣ ಮರೆಯಾಯಿತು. ಪಾತ್ರೆ ಹೋದರೂ ಲೀಟರ್ ಮಾತ್ರ ಪ್ಲಾಸ್ಟಿಕ್ ಪೌಚಿನ ಮೇಲೆ ಹತ್ತಿ ಕುಳಿತಿತು. ಕಾರ್ಖಾನೆಯಲ್ಲಿ ಯಂತ್ರದಿಂದ ತುಂಬಿ ಬರುವ ಮುಚ್ಚಿದ ಪೌಚಿಗೆ ಅಳತೆಯೇ ಬೇಕೆಂಬ ಯಾವ ಅಗತ್ಯವೂ ಇರಲಿಲ್ಲ. ಒಂದು ಕಿಲೋ ಬದಲು ಒಂದು ಲೀಟರ್ ತುಂಬಿದರೆ ಪೌಚಿನ ಮೇಲಿನ ಬೆಲೆ ನೂರಕ್ಕೆ ಒಂಬತ್ತರಷ್ಟು ಕಡಿಮೆ ಕಾಣುತ್ತದೆ ಎಂಬುದೇ ಈ ರೂಢಿಯ ನಿಜವಾದ ಬಲ ಎಂದರೆ ಕಟುವಾದೀತು, ಸುಳ್ಳಾಗದು.

ಬಿಸಿಯಾದರೆ ಹಿಗ್ಗುವ ಸರಕು

ಎಣ್ಣೆಯ ಸ್ವಭಾವವೇ ಅಳತೆಗೆ ಒಗ್ಗುವಂಥದಲ್ಲ. ಬಿಸಿಯಾದಷ್ಟೂ ಅದು ಹಿಗ್ಗುತ್ತದೆ. ಹಿಗ್ಗಿದ ಎಣ್ಣೆಯನ್ನು ಲೀಟರಿನಲ್ಲಿ ಅಳೆದರೆ ಪಾತ್ರೆ ತುಂಬುತ್ತದೆ, ಸರಕು ಕಡಿಮೆಯಾಗುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಆಗಸ್ಟ್‌ನಲ್ಲಿ ಇದೇ ವಿಷಯವಾಗಿ ಹೊರಡಿಸಿದ ನಿರ್ದೇಶನದಲ್ಲಿ ಸೋಯಾ ಎಣ್ಣೆಯ ಉದಾಹರಣೆಯನ್ನು ಕೊಟ್ಟಿತ್ತು. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 919 ಗ್ರಾಂ ತೂಗುತ್ತದೆ. 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಅಷ್ಟು ಹೊತ್ತಿಗೆ ಕೆಲವು ಪ್ಯಾಕರ್‌ಗಳು ಪೌಚಿನ ಮೇಲೆ ಪರಿಮಾಣದ ಜೊತೆಗೆ 60 ಡಿಗ್ರಿಯವರೆಗಿನ ಉಷ್ಣತೆಯನ್ನೂ ನಮೂದಿಸಿ, ಆ ಉಷ್ಣತೆಯಲ್ಲಿ ಒಂದು ಲೀಟರ್ ಆಗುವಷ್ಟು ಎಣ್ಣೆಯನ್ನು ತುಂಬುವ ಜಾಣತನವನ್ನು ಕಂಡುಕೊಂಡಿದ್ದರು. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಯಾವ ಗೃಹಿಣಿಯೂ 60 ಡಿಗ್ರಿಯಲ್ಲಿ ಎಣ್ಣೆ ಕೊಳ್ಳುವುದಿಲ್ಲ. ಉಷ್ಣತೆಯನ್ನು ನಮೂದಿಸದೆ ಪರಿಮಾಣವನ್ನು ಲೀಟರಿನಲ್ಲಿಯೂ ತೂಕದಲ್ಲಿಯೂ ಘೋಷಿಸಬೇಕು, ಎರಡೂ ಒಂದಕ್ಕೊಂದು ತಾಳೆಯಾಗಬೇಕು, 2023ರ ಜನವರಿ 15ರೊಳಗೆ ಲೇಬಲ್ಲುಗಳನ್ನು ಸರಿಪಡಿಸಿಕೊಳ್ಳಬೇಕು ಎಂದು ಇಲಾಖೆ ಸೂಚಿಸಿತು.

ಆ ನಿರ್ದೇಶನ ಸ್ವಾಗತಾರ್ಹವಾಗಿತ್ತು. ಆದರೆ ಅದರ ಭಾರ ದೊಡ್ಡ ಕಂಪನಿಗಳಿಗಿಂತ ಸಣ್ಣ ಪ್ಯಾಕರ್‌ಗಳ ಮೇಲೆಯೇ ಹೆಚ್ಚು ಬಿತ್ತೆಂಬುದನ್ನು ಯಾರೂ ಚರ್ಚಿಸಿದಂತಿಲ್ಲ. ಇಲಾಖೆಯ ಅಂಕಿಗಳ ಪ್ರಕಾರ ಪ್ರತಿ ಡಿಗ್ರಿ ಉಷ್ಣತೆಗೆ ಲೀಟರಿನ ತೂಕದಲ್ಲಿ ಸುಮಾರು 0.68 ಗ್ರಾಂ ವ್ಯತ್ಯಾಸವಾಗುತ್ತದೆ. ಸಣ್ಣ ಘಟಕಗಳಲ್ಲಿ ಸಾಮಾನ್ಯವಾಗಿರುವುದು ಪಿಸ್ಟನ್ ಮಾದರಿಯ, ಅಂದರೆ ಅಳತೆಯಿಂದ ತುಂಬುವ ಯಂತ್ರ. ಅದನ್ನು 30 ಡಿಗ್ರಿಗೆ ಸರಿಯಾಗಿ ಒಂದು ಲೀಟರ್ ಬೀಳುವಂತೆ ಹೊಂದಿಸಿದರೆ ಪೌಚಿನಲ್ಲಿ ಸುಮಾರು 913 ಗ್ರಾಂ ಬೀಳುತ್ತದೆ. ಘೋಷಿಸಿದ 910 ಗ್ರಾಂಗೆ ತೊಂದರೆಯಿಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿಗಳ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಶೆಡ್ಡಿನೊಳಗಿನ ಎಣ್ಣೆಯೇ 40 ಡಿಗ್ರಿ ತಲುಪುತ್ತದೆ. ಆಗ ಅದೇ ಯಂತ್ರ, ಅದೇ ಹೊಂದಾಣಿಕೆ, ಅದೇ ಒಂದು ಲೀಟರ್. ಪೌಚಿನಲ್ಲಿರುವುದು ಮಾತ್ರ 906 ಗ್ರಾಂ. ಈ ಗಾತ್ರದ ಒಂದೊಂದು ಪ್ಯಾಕೆಟ್ಟಿಗೆ 15 ಗ್ರಾಂವರೆಗಿನ ವ್ಯತ್ಯಾಸಕ್ಕೆ ನಿಯಮದಲ್ಲಿ ವಿನಾಯಿತಿ ಇದೆ, ನಿಜ. ಆದರೆ ತಪಾಸಣೆಗೆ ತೆಗೆದುಕೊಂಡ ಮಾದರಿಗಳ ಸರಾಸರಿ ಘೋಷಿತ ಪರಿಮಾಣಕ್ಕಿಂತ ಕಡಿಮೆ ಇರುವಂತಿಲ್ಲ. ಹೀಗಾಗಿ ಒಂದು ಹನಿಯನ್ನೂ ಕದಿಯದ ಪ್ಯಾಕರ್ ಕಾನೂನು ಮಾಪನಶಾಸ್ತ್ರ ಇಲಾಖೆಯ ದಾಖಲೆಯಲ್ಲಿ ಕಡಿಮೆ ತೂಕದ ಆರೋಪಿಯಾಗುತ್ತಾರೆ. ಅಂಥವರು ದಂಡ ಕಟ್ಟಿ ಸುಮ್ಮನಾಗುತ್ತಾರೆಯೇ ಹೊರತು ತಪ್ಪು ಎಲ್ಲಾಯಿತೆಂದು ಅವರಿಗೆ ತಿಳಿಯುವುದೇ ಇಲ್ಲ.

ಇದರ ಮತ್ತೊಂದು ಮಗ್ಗುಲೂ ಉಂಟು. ಬೆಂಗಳೂರಿನ ಜನವರಿಯ ಬೆಳಗಿನಲ್ಲಿ ಎಣ್ಣೆ 20 ಡಿಗ್ರಿಗೆ ತಣಿದಿರುವಾಗ ಅದೇ ಯಂತ್ರ ಪ್ರತಿ ಪೌಚಿಗೆ ಸುಮಾರು 920 ಗ್ರಾಂ ತುಂಬುತ್ತದೆ. ಹೊಂದಿಸಿದ ಪ್ರಮಾಣಕ್ಕಿಂತ ಹೆಚ್ಚುವರಿಯಾಗಿ ಹೋಗುವುದು ಪೌಚಿಗೆ 6.8 ಗ್ರಾಂ. ಹತ್ತು ಸಾವಿರ ಪೌಚಿಗೆ 68 ಕಿಲೋ. ಕಿಲೋಗೆ 160 ರೂಪಾಯಿಯಂತೆ 10,880 ರೂಪಾಯಿ ಬೆಲೆಯ ಎಣ್ಣೆ ಯಾರ ಲೆಕ್ಕಕ್ಕೂ ಸಿಗದೆ ಹೊರಟುಹೋಗುತ್ತದೆ. ಕೊಬ್ಬರಿ ಎಣ್ಣೆಯವರ ಪಾಡು ಇನ್ನೂ ಬೇರೆ. ಸುಮಾರು 24 ಡಿಗ್ರಿಗೆ ಅದು ಗಟ್ಟಿಯಾಗತೊಡಗುವುದರಿಂದ ಚಳಿಗಾಲದಲ್ಲಿ ಬಿಸಿ ಮಾಡಿಯೇ ತುಂಬಬೇಕು. ಎಷ್ಟು ಬಿಸಿ ಮಾಡಿದರು ಎಂಬುದರ ಮೇಲೆ ಲೀಟರಿನ ತೂಕ ನಿಲ್ಲುತ್ತದೆ. ತಕ್ಕಡಿಯ ಮೇಲೆ ಇಟ್ಟು ತುಂಬಿದವರಿಗೆ ಬೇಸಿಗೆಯೂ ಒಂದೇ, ಚಳಿಗಾಲವೂ ಒಂದೇ. ತೂಕ ಉಷ್ಣತೆಗೆ ಬಾಗುವುದಿಲ್ಲ.

ಗಾಣದಲ್ಲಿ ಹುಟ್ಟುವ ಹೆಚ್ಚುವರಿ ಕಿಲೋ

ತಯಾರಕರ ಮನೆಯೊಳಗೆ ಈ ಗೊಂದಲ ಮಾಡುವ ಹಾನಿ ಮಾರುಕಟ್ಟೆಯಲ್ಲಿ ಮಾಡುವುದಕ್ಕಿಂತ ದೊಡ್ಡದು. ಎಣ್ಣೆ ನಗರಿ ಎಂದು ಹೆಸರಾದ ಚಳ್ಳಕೆರೆಯ ಹಳೆಯ ಗಿರಣಿಗಳಲ್ಲಿ ಶೇಂಗಾ ಬೀಜ, ಹಿಂಡಿ, ಎಣ್ಣೆ ಎಲ್ಲವೂ ತೂಕದಲ್ಲಿಯೇ ನಡೆಯುತ್ತಿದ್ದವು. ಇತ್ತೀಚಿನ ವರ್ಷಗಳಲ್ಲಿ ಊರೂರಿನಲ್ಲಿ ಆರಂಭವಾಗಿರುವ ಗಾಣದ ಎಣ್ಣೆಯ ಘಟಕಗಳಲ್ಲಿ ಬೀಜವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ, ಹಿಂಡಿಯನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ, ಎಣ್ಣೆಯನ್ನು ಲೀಟರ್ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಕಿಲೋ ಬೀಜಕ್ಕೆ 44 ಲೀಟರ್ ಎಣ್ಣೆ, 57 ಕಿಲೋ ಹಿಂಡಿ ಬಂದಿತೆಂದು ಒಬ್ಬರ ಪುಸ್ತಕ ಹೇಳುತ್ತದೆಂದು ಭಾವಿಸಬಹುದು. ಕೂಡಿದರೆ 101. ನೂರು ಕಿಲೋ ಹಾಕಿ ನೂರಾ ಒಂದು ಪಡೆಯುವ ಗಾಣವಿದ್ದರೆ ಬೇರೆ ಉದ್ಯಮವೇ ಬೇಕಿಲ್ಲ. ವಾಸ್ತವವಾಗಿ 44 ಲೀಟರ್ ಎಂದರೆ 40 ಕಿಲೋ ಎಣ್ಣೆ, ಒಟ್ಟು 97. ಉಳಿದ ಮೂರು ಕಿಲೋ ತೇವದಲ್ಲಿ, ಮಡ್ಡಿಯಲ್ಲಿ, ಅಲ್ಲಿ ಇಲ್ಲಿ ಅಂಟಿ ಹೋಗಿದೆ. ಆ ಮೂರು ಕಿಲೋ ಒಂದು ತಿಂಗಳು ಐದು ಕಿಲೋ ಆದರೆ ಎಲ್ಲೋ ಸೋರಿಕೆಯಾಗಿದೆ ಅಥವಾ ಬೀಜದಲ್ಲಿ ತೇವ ಹೆಚ್ಚಿತ್ತು ಎಂದು ತಿಳಿಯಬೇಕು. ಲೀಟರಿನ ಪುಸ್ತಕದಲ್ಲಿ ಅದು ಎಂದಿಗೂ ತಿಳಿಯುವುದಿಲ್ಲ.

ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯಲ್ಲಿಯೂ ಇದೇ ಆಗುತ್ತದೆ. ಹತ್ತು ಸಾವಿರ ಲೀಟರ್ ದಾಸ್ತಾನನ್ನು ಹತ್ತು ಸಾವಿರ ಕಿಲೋ ಎಂದು ತಿಳಿದು 160ರ ದರ ಹಾಕಿದರೆ 16 ಲಕ್ಷ ರೂಪಾಯಿ; ನಿಜವಾದ 9,100 ಕಿಲೋಗೆ 14 ಲಕ್ಷ 56 ಸಾವಿರ. ಗುಮಾಸ್ತರ ಒಂದು ಅಂಕಣದ ತಪ್ಪಿನಿಂದ 1 ಲಕ್ಷ 44 ಸಾವಿರ ರೂಪಾಯಿಯ ಇಲ್ಲದ ಸರಕು ಹುಟ್ಟುತ್ತದೆ. ಬ್ಯಾಂಕಿನವರು ಬಂದು ಪರಿಶೀಲಿಸಿದ ದಿನ ಅದಕ್ಕೆ ಉತ್ತರ ಹೇಳುವುದು ಕಷ್ಟ. ಜಿ.ಎಸ್.ಟಿ. ವಿವರಣೆಯಲ್ಲಿಯೂ ಸರಕಿನ ಪರಿಮಾಣವನ್ನು ಮಾನದ ಸಂಕೇತದೊಡನೆ ತೋರಿಸಬೇಕಾಗಿರುವುದರಿಂದ, ಕಿಲೋದಲ್ಲಿ ಖರೀದಿಸಿ ಲೀಟರಿನಲ್ಲಿ ಮಾರಿದವರು ಎರಡರ ನಡುವಣ ಪರಿವರ್ತನೆಯನ್ನು ಬರಹದಲ್ಲಿ ಇಟ್ಟುಕೊಂಡಿರದಿದ್ದರೆ ಆಡಿಟರ್ ಮುಂದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಆಹಾರ ತಯಾರಿಕೆಯ ಘಟಕಗಳಿಗೆ ವಿಷಯ ಲಾಭ ನಷ್ಟವನ್ನು ಮೀರಿ ಕಾನೂನಿನವರೆಗೂ ಹೋಗುತ್ತದೆ. ಎಣ್ಣೆಗೆ ಕಮಟು ಬರದಂತೆ ತಡೆಯಲು ಬಳಸುವ ಟಿ.ಬಿ.ಎಚ್.ಕ್ಯು. ಎಂಬ ವಸ್ತುವಿಗೆ ವಿಧಿಸಿರುವ ಗರಿಷ್ಠ ಮಿತಿ ಕಿಲೋಗೆ 200 ಮಿಲಿಗ್ರಾಂ. ನೂರು ಕಿಲೋಗೆ 20 ಗ್ರಾಂ ಎಂದಾಯಿತು. ಆ 20 ಗ್ರಾಂಗಳನ್ನು ನೂರು ಲೀಟರಿನ ತೊಟ್ಟಿಗೆ ಹಾಕಿದವರು ಕಾನೂನನ್ನು ಪಾಲಿಸಿದೆವೆಂದೇ ನಂಬಿರುತ್ತಾರೆ. ತೊಟ್ಟಿಯಲ್ಲಿರುವುದು 91 ಕಿಲೋ; ಪ್ರಮಾಣ ಕಿಲೋಗೆ 220 ಮಿಲಿಗ್ರಾಂ ಆಗಿ ಮಿತಿ ದಾಟಿರುತ್ತದೆ. ಪ್ರಯೋಗಾಲಯದ ವರದಿ ಬಂದಾಗ ಪ್ರಾಮಾಣಿಕತೆಯ ಸಮಜಾಯಿಷಿಗೆ ಬೆಲೆಯಿರುವುದಿಲ್ಲ. ಎಣ್ಣೆಗೆ ಸೇರಿಸುವ ಎ ಮತ್ತು ಡಿ ಜೀವಸತ್ವಗಳ ಪ್ರಮಾಣವನ್ನೂ ನಿಯಮಗಳು ಗ್ರಾಂ ಲೆಕ್ಕದಲ್ಲಿಯೇ ಹೇಳುತ್ತವೆ. ಲೇಬಲ್ಲಿನಲ್ಲಿ ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮಕ್ಕೂ ಇದು ಸಂಬಂಧಿಸುತ್ತದೆ. ಐದು ಲೀಟರ್ ಎಣ್ಣೆ, ನಾಲ್ಕು ಕಿಲೋ 800 ಗ್ರಾಂ ಸಕ್ಕರೆ ಹಾಕುವ ಬಿಸ್ಕತ್ತಿನಲ್ಲಿ ಎಣ್ಣೆಯೇ ಹೆಚ್ಚೆಂದು ತೋರುತ್ತದೆ. ಎಣ್ಣೆಯ ತೂಕ 4 ಕಿಲೋ 550 ಗ್ರಾಂ. ತೂಕದ ಕ್ರಮದಲ್ಲಿ ಬರೆದರೆ ಲೇಬಲ್ಲಿನಲ್ಲಿ ಮುಂದೆ ಬರಬೇಕಾದದ್ದು ಸಕ್ಕರೆ.

ಎಣ್ಣೆಗಿಂತ ಭಾರವಾದ ದ್ರವಗಳಲ್ಲಿ ತಪ್ಪು ತಿರುಗುಮುರುಗಾಗುತ್ತದೆ. ಕರಾವಳಿಯಲ್ಲಿ ಪುನರ್ಪುಳಿ ಶರಬತ್ತು ಮಾಡುವ ಅನೇಕ ಗೃಹೋದ್ಯಮಗಳಿವೆ. ಶೇಕಡಾ 45ರಷ್ಟು ಸಕ್ಕರೆ ಕರಗಿರುವ ಪಾಕ ಲೀಟರಿಗೆ ಸುಮಾರು 1 ಕಿಲೋ 200 ಗ್ರಾಂ ತೂಗುತ್ತದೆ. ನೂರು ಲೀಟರ್ ಶರಬತ್ತಿಗೆ 45 ಕಿಲೋ ಸಕ್ಕರೆ ಸಾಕೆಂದು ದರ ಕಟ್ಟಿದವರಿಗೆ ನಿಜವಾಗಿ ಬೇಕಾಗುವುದು 54 ಕಿಲೋ. ಒಂಬತ್ತು ಕಿಲೋ ಸಕ್ಕರೆಯ ಖರ್ಚು ಲಾಭದಲ್ಲಿ ಕಳೆಯುತ್ತದೆ. ಅಥವಾ ಸಕ್ಕರೆ ಕಡಿಮೆ ಹಾಕಿದರೆ ಶರಬತ್ತು ಸೀಸೆಯೊಳಗೆ ಹುಳಿಯುತ್ತದೆ. ಜೇನುತುಪ್ಪ ಮತ್ತು ಮಿಠಾಯಿಯವರು ಬಳಸುವ ದ್ರವ ಗ್ಲೂಕೋಸ್ ಲೀಟರಿಗೆ 1 ಕಿಲೋ 400 ಗ್ರಾಂ ಆಸುಪಾಸು. ಇವುಗಳನ್ನು ಲೀಟರಿನ ಮಗ್ಗಿನಲ್ಲಿ ಅಳೆದರೆ ಗೋಡೆಗೆ ಅಂಟಿಕೊಂಡು ಉಳಿಯುವುದೇ ಒಂದು ಪಾಲು. ಪಾತ್ರೆಯನ್ನೇ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು ನೇರವಾಗಿ ಸುರಿದುಕೊಂಡರೆ ಆ ತೊಡಕೇ ಇರುವುದಿಲ್ಲ, ತೊಳೆಯಬೇಕಾದ ಪಾತ್ರೆಯೂ ಒಂದು ಕಡಿಮೆ.

ಹಾಲಿನವರು ಮಾಡಿ ತೋರಿಸಿದ್ದು

ತೂಕದ ಲೆಕ್ಕ ಕಷ್ಟವೆನ್ನುವವರು ರಾಜ್ಯದ ಹಾಲು ಒಕ್ಕೂಟಗಳ ಕಡೆಗೆ ನೋಡಬಹುದು. ಗ್ರಾಹಕರಿಗೆ ಹಾಲು ಲೀಟರಿನಲ್ಲಿ ಸಿಗುತ್ತದೆ. ಆದರೆ ಒಕ್ಕೂಟಗಳ ಶೇಖರಣೆಯ ಅಂಕಿಅಂಶಗಳು ಕಿಲೋಗ್ರಾಂಗಳಲ್ಲಿರುತ್ತವೆ. ಲೀಟರಿಗೆ 1.03 ಕಿಲೋ ಎಂಬ ಪರಿವರ್ತನೆ ಹಾಲಿನ ವ್ಯವಹಾರದಲ್ಲಿ ಸಾಮಾನ್ಯ ಜ್ಞಾನ. ಇದಕ್ಕೆ ಕಾರಣವೂ ಸ್ಪಷ್ಟ. ಜಿಡ್ಡು ಮತ್ತು ಜಿಡ್ಡೇತರ ಘನಾಂಶಗಳ ಶೇಕಡಾವಾರು ತೂಕದ ಮೇಲೆ ನಿಲ್ಲುತ್ತದೆ. ಒಳಗೆ ಬಂದ ಜಿಡ್ಡು ಎಷ್ಟು ಕಿಲೋ, ಬೆಣ್ಣೆ ತುಪ್ಪಗಳಾಗಿ ಹೊರಗೆ ಹೋದದ್ದು ಎಷ್ಟು ಕಿಲೋ ಎಂದು ತಾಳೆ ನೋಡಬೇಕಾದರೆ ತೂಕವಲ್ಲದೆ ಬೇರೆ ದಾರಿಯಿಲ್ಲ. ನೂರು ಲೀಟರ್ ಹಾಲಿನಿಂದ ಖೋವಾ ಮಾಡುವ ಸಿಹಿತಿಂಡಿಯವರು ತಾವು ಆರಂಭಿಸಿದ್ದು 103 ಕಿಲೋದಿಂದ ಎಂದು ಬರೆದುಕೊಂಡರೆ ಅವರ ಇಳುವರಿಯ ಲೆಕ್ಕವೂ ಸರಿಯಾಗುತ್ತದೆ. ಮಾರುವುದು ಲೀಟರಿನಲ್ಲಾದರೂ ಯೋಚಿಸುವುದು ಕಿಲೋದಲ್ಲಿ ಎಂಬ ಈ ಶಿಸ್ತು ಎಣ್ಣೆಯ ವ್ಯಾಪಾರಕ್ಕೂ ಬರಬೇಕಾಗಿದೆ.

ಆಕ್ಷೇಪಗಳು ಮತ್ತು ಬೇಡಿಕೆ

ಗ್ರಾಹಕರಿಗೆ ಲೀಟರ್ ರೂಢಿಯಾಗಿದೆ, ಬದಲಿಸಿದರೆ ವ್ಯಾಪಾರ ಕುಸಿಯುತ್ತದೆ ಎಂಬುದು ಮೊದಲ ಆಕ್ಷೇಪ. ಗ್ರಾಹಕರಿಗೆ ರೂಢಿಯಾಗಿರುವುದು ಪೌಚಿನ ಗಾತ್ರವೇ ಹೊರತು ಲೀಟರ್ ಅಲ್ಲ. ಇದಕ್ಕೆ ಸಾಕ್ಷಿ ಮಾರುಕಟ್ಟೆಯಲ್ಲಿಯೇ ಇದೆ. ಪ್ಯಾಕೆಟ್ಟುಗಳು ನಿಗದಿತ ಗಾತ್ರದಲ್ಲಿಯೇ ಇರಬೇಕೆಂಬ ಹಳೆಯ ನಿಯಮವನ್ನು ಕೈಬಿಡುವ ತಿದ್ದುಪಡಿ 2021ರ ನವೆಂಬರಿನಲ್ಲಿ ಪ್ರಕಟವಾಗಿ ಮರುವರ್ಷ ಜಾರಿಗೆ ಬಂದ ಮೇಲೆ 850 ಗ್ರಾಂ, 800 ಗ್ರಾಂ ಮುಂತಾದ ಪೌಚುಗಳು ಬಂದವು. ನೋಡಲು ಒಂದು ಲೀಟರಿನಂತೆಯೇ ಕಾಣುವ ಅವನ್ನು ಗ್ರಾಹಕರು ಒಂದು ಲೀಟರೆಂದೇ ತಿಳಿದು ಕೊಳ್ಳುತ್ತಾರೆ. 910 ಗ್ರಾಂ ತುಂಬುವ ಪ್ರಾಮಾಣಿಕ ಸಣ್ಣ ಪ್ಯಾಕರಿನ ಪೌಚು ಅದರ ಪಕ್ಕದಲ್ಲಿ ದುಬಾರಿಯಾಗಿ ಕಾಣುತ್ತದೆ. ಹಳೆಯ ಗಾತ್ರಗಳನ್ನು ಮತ್ತೆ ಕಡ್ಡಾಯ ಮಾಡಬೇಕೆಂಬ ಕೂಗಿನಲ್ಲಿ ಅರ್ಥವಿದೆ. ಆದರೆ ಗಾತ್ರವನ್ನು ಮತ್ತೆ ಲೀಟರಿನಲ್ಲಿಯೇ ನಿಗದಿ ಮಾಡಿದರೆ ಉಷ್ಣತೆಯ ತೊಡಕು, ಎರಡು ಮಾನಗಳ ತೊಡಕು ಹಾಗೆಯೇ ಉಳಿಯುತ್ತವೆ.

ಅದೇ ತಿದ್ದುಪಡಿ ಪ್ರತಿ ಪ್ಯಾಕೆಟ್ಟಿನ ಮೇಲೆ ಏಕಮಾನ ಮಾರಾಟ ದರವನ್ನು ಅಚ್ಚು ಹಾಕಬೇಕೆಂದು ವಿಧಿಸಿತು. ಬೇರೆ ಬೇರೆ ಗಾತ್ರದ ಪ್ಯಾಕೆಟ್ಟುಗಳ ಬೆಲೆಯನ್ನು ಗ್ರಾಹಕರು ಹೋಲಿಸಿ ನೋಡಲಿ ಎಂಬುದೇ ಅದರ ಉದ್ದೇಶ. ಒಳ್ಳೆಯ ಉದ್ದೇಶ. ಆದರೆ ಲೀಟರಿನಲ್ಲಿ ಘೋಷಿಸಿದ ಎಣ್ಣೆಗೆ ದರ ಲೀಟರಿನ ಅಥವಾ ಮಿಲಿಲೀಟರಿನ ಲೆಕ್ಕದಲ್ಲಿ, ಕಿಲೋದಲ್ಲಿ ಘೋಷಿಸಿದ ಎಣ್ಣೆಗೆ ಕಿಲೋ ಅಥವಾ ಗ್ರಾಂ ಲೆಕ್ಕದಲ್ಲಿ. ಒಂದರ ಮೇಲೆ ಲೀಟರಿಗೆ 150, ಇನ್ನೊಂದರ ಮೇಲೆ ಕಿಲೋಗೆ 160 ಎಂದಿದ್ದರೆ ಹೋಲಿಕೆ ಮಾಡಬೇಕಾದವರು 0.91ರಿಂದ ಭಾಗಿಸಬೇಕು. ಅಂಗಡಿಯ ಮುಂದೆ ನಿಂತು ಹಾಗೆ ಭಾಗಿಸುವವರು ಎಷ್ಟು ಮಂದಿ? ಅಳೆದೂ ಸುರಿದೂ ಮಾಡಿದ ನಿಯಮವು ತನ್ನ ಮುಖ್ಯ ಕೆಲಸದಲ್ಲಿಯೇ ಸೋತಿದೆ.

ಎರಡನೆಯ ಆಕ್ಷೇಪ ಯಂತ್ರದ್ದು. ತೂಕದಿಂದ ತುಂಬುವ ಯಂತ್ರಗಳು ಪಿಸ್ಟನ್ ಯಂತ್ರಗಳಿಗಿಂತ ದುಬಾರಿ, ಕೆಲವು ನಿಧಾನ. ಸಣ್ಣ ಘಟಕದವರ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಯಂತ್ರ ಬದಲಿಸುವುದು ಅನಿವಾರ್ಯವೇನಲ್ಲ. ವರ್ಷಕ್ಕೊಮ್ಮೆ ಸತ್ಯಾಪನೆ ಮಾಡಿಸಿ ಮುದ್ರೆ ಹಾಕಿಸಿದ ಒಂದು ಎಲೆಕ್ಟ್ರಾನಿಕ್ ತಕ್ಕಡಿ, ತೊಟ್ಟಿಯಲ್ಲೊಂದು ಉಷ್ಣತಾಮಾಪಕ, ದಿನಕ್ಕೆ ಮೂರು ನಾಲ್ಕು ಬಾರಿ ಹತ್ತು ಪೌಚು ತೂಗಿ ಬರೆದಿಡುವ ಒಂದು ಪುಸ್ತಕ, ಇಷ್ಟರಿಂದ ಪಿಸ್ಟನ್ ಯಂತ್ರವನ್ನೇ ಹದದಲ್ಲಿ ಇಟ್ಟುಕೊಳ್ಳಬಹುದು. ಬೆಳಿಗ್ಗೆಯ ಹೊಂದಾಣಿಕೆ ಮಧ್ಯಾಹ್ನಕ್ಕೆ ಹೊಂದದು ಎಂಬ ತಿಳಿವಳಿಕೆ ಕೆಲಸಗಾರರಿಗೆ ಬಂದರೆ ಅರ್ಧ ಕೆಲಸವಾದಂತೆ. ತಪಾಸಣೆಗೆ ಬಂದ ಅಧಿಕಾರಿಗಳ ಮುಂದೆ ಆ ಪುಸ್ತಕವೇ ಮೊದಲ ಸಾಕ್ಷಿ.

ಖರೀದಿಯಲ್ಲಂತೂ ಕಾಯಬೇಕಾದದ್ದು ಏನೂ ಇಲ್ಲ. ಹೋಟೆಲ್, ಬೇಕರಿ, ಕುರುಕಲು ತಿಂಡಿಯ ಘಟಕದವರು ದರಪಟ್ಟಿ ಕೇಳುವಾಗಲೇ ಕಿಲೋ ದರವನ್ನು ಕೇಳಬೇಕು. ಬಂದ ಡಬ್ಬವನ್ನು ತುಂಬಿದಂತೆ ಒಮ್ಮೆ, ಬರಿದಾದ ಮೇಲೆ ಒಮ್ಮೆ ತೂಗಿದರೆ ಒಳಗಿನ ನಿವ್ವಳ ತೂಕ ತಿಳಿಯುತ್ತದೆ. ಗೋಡೆಗೆ ಅಂಟಿ ಉಳಿದ ಎಣ್ಣೆಯೂ ಆ ಲೆಕ್ಕದಿಂದ ಕಳೆದು, ಬಾಣಲೆಗೆ ನಿಜವಾಗಿ ಬಿದ್ದದ್ದೆಷ್ಟೆಂದು ಗೊತ್ತಾಗುತ್ತದೆ. ಸಗಟು ವರ್ತಕರು ತಮ್ಮ ಫಲಕದಲ್ಲಿ ಲೀಟರ್ ಡಬ್ಬದ ದರದ ಪಕ್ಕದಲ್ಲಿ ಕಿಲೋ ದರವನ್ನೂ ಬರೆದರೆ ಒಂದೆರಡು ಗಿರಾಕಿಗಳು ಆರಂಭದಲ್ಲಿ ಗೊಣಗಬಹುದು. ಲೆಕ್ಕ ಬಲ್ಲ ಗಿರಾಕಿಗಳು ಅದೇ ಅಂಗಡಿಗೆ ಬರುತ್ತಾರೆ.

ಸರ್ಕಾರದ ಮುಂದೆ ವಾಣಿಜ್ಯ ಮಂಡಳಿಗಳು ಇಡಬೇಕಾದ ಬೇಡಿಕೆ ಒಂದೇ. ಖಾದ್ಯ ತೈಲ, ವನಸ್ಪತಿ, ತುಪ್ಪಗಳಿಗೆ ಮುಖ್ಯ ಘೋಷಣೆ ತೂಕದಲ್ಲಿರಲಿ, ಲೀಟರ್ ಅದರ ಕೆಳಗಿರಲಿ, ಏಕಮಾನ ದರ ಯಾವ ಗಾತ್ರದ ಪ್ಯಾಕೆಟ್ಟಿಗೂ ಕಿಲೋ ಲೆಕ್ಕದಲ್ಲಿಯೇ ಇರಲಿ. ಜೇನುತುಪ್ಪವನ್ನು ತೂಕದಲ್ಲಿಯೇ ಮಾರಬೇಕೆಂಬ ನಿಯಮ ಇರುವಾಗ, ಎಣ್ಣೆಗೆ ಮಾತ್ರ ಎರಡು ಬಾಗಿಲು ತೆರೆದಿಡಲು ಕಾರಣ ಕಾಣುವುದಿಲ್ಲ. ಬದಲಾವಣೆಗೆ ಕಾಲಾವಕಾಶ ಕೊಡುವಾಗ ಮಾತ್ರ ಸಣ್ಣ ಘಟಕಗಳ ಸ್ಥಿತಿಯನ್ನು ನೆನಪಿಡಬೇಕು. ದೊಡ್ಡ ಕಂಪನಿಗೆ ಅಚ್ಚಾದ ಪೌಚಿನ ರೋಲು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ತಿಂಗಳಿಗೆ ಕೆಲವು ಸಾವಿರ ಪೌಚು ತುಂಬುವವರು ಮುದ್ರಕರ ಕನಿಷ್ಠ ಪ್ರಮಾಣದ ಷರತ್ತಿಗೆ ಕಟ್ಟುಬಿದ್ದು ಒಂದು ವರ್ಷಕ್ಕಾಗುವಷ್ಟು ರೋಲನ್ನು ಒಮ್ಮೆಲೇ ಮಾಡಿಸಿಟ್ಟಿರುತ್ತಾರೆ. 2022ರ ನಿರ್ದೇಶನದಲ್ಲಿ ದೊರೆತದ್ದು ಐದು ತಿಂಗಳಿಗೂ ಕಡಿಮೆ ಅವಧಿ. ಈ ಬಾರಿ ಹಳೆಯ ರೋಲುಗಳ ಮೇಲೆ ತೂಕ ಮತ್ತು ಕಿಲೋ ದರದ ಚೀಟಿ ಅಂಟಿಸಿ ಬಳಸಲು ಒಂದು ವರ್ಷದ ಅನುಮತಿಯನ್ನು ಅಧಿಸೂಚನೆಯಲ್ಲಿಯೇ ಸೇರಿಸುವಂತೆ ಮೊದಲೇ ಕೇಳಿಕೊಳ್ಳಬೇಕು.